ಬೆವರು ಗ್ರಂಥಿಯ ಅಪರೂಪದ ಅರ್ಬುದ: ನಿರ್ಣಯದ ದಾರಿ

ಕಾಯಕಜೀವಿಯ ಹಣೆಯಲ್ಲಿ ಮೊದಲು ಮೂಡುವ ಗುರುತು ಬೆವರು. ದುಡಿಮೆಗೆ ದೈವತ್ವದ ಸ್ಥಾನ ಕೊಟ್ಟ ಶರಣ ಪರಂಪರೆಯಲ್ಲಿ ಬೆಳೆದ ನಮಗೆ ಬೆವರೆಂದರೆ ಹೇಸಿಗೆಯಿಲ್ಲ, ಗೌರವವಿದೆ. ದೇಹದ ಉಷ್ಣವನ್ನು ಹದದಲ್ಲಿಟ್ಟು ಪ್ರಾಣವನ್ನು ಕಾಯುವ ಈ ನೀರನ್ನು ಒಸರಿಸಲು ಚರ್ಮದೊಳಗೆ ಇಪ್ಪತ್ತರಿಂದ ನಲವತ್ತು ಲಕ್ಷ ಸ್ವೇದಗ್ರಂಥಿಗಳು ದುಡಿಯುತ್ತಿವೆ. ಈ ಗ್ರಂಥಿಗಳಲ್ಲಿಯೂ, ತೀರ ಅಪರೂಪಕ್ಕೆ, ಅರ್ಬುದ ಅಂದರೆ ಕ್ಯಾನ್ಸರ್ ಹುಟ್ಟಬಹುದೆಂಬ ಸಂಗತಿ ಬಹುಮಂದಿಗೆ ತಿಳಿಯದು.

ಇಷ್ಟು ವಿರಳವಾದ ರೋಗಕ್ಕೆ ಪತ್ರಿಕೆಯ ಪುಟಗಳನ್ನೇಕೆ ಮೀಸಲಿಡಬೇಕೆಂದು ಸದ್ಭಕ್ತರು ಕೇಳಬಹುದು. ಈ ರೋಗ ಯಾರಿಗೂ ಬಾರದಿರಲೆಂದೇ ನಮ್ಮ ಹಾರೈಕೆ. ಆದರೆ ಇದನ್ನು ಪತ್ತೆಹಚ್ಚುವ ಬಗೆಯಲ್ಲಿ ದೇಹದ ಮೇಲಿನ ಪ್ರತಿಯೊಂದು ಗಂಟಿಗೂ ಅನ್ವಯಿಸುವ ಒಂದು ನಿಯಮ ಅಡಗಿದೆ. ಹೊರಗಣ್ಣಿನಿಂದ ನೋಡಿ ಯಾವ ವೈದ್ಯನೂ ಇದನ್ನು ಖಚಿತವಾಗಿ ಗುರುತಿಸಲಾರ. ಗಂಟಿನ ತುಣುಕನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಾಗ ಮಾತ್ರ ಸತ್ಯ ತಿಳಿಯುತ್ತದೆ. ಆ ನಿಯಮವನ್ನು ಮನವರಿಕೆ ಮಾಡಿಕೊಡುವುದೇ ಈ ಲೇಖನದ ಉದ್ದೇಶ.

ಸ್ವೇದಗ್ರಂಥಿಗಳ ಪರಿಚಯ

ಬೆವರು ಗ್ರಂಥಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯವು ಎಕ್ರೈನ್ ಗ್ರಂಥಿಗಳು. ಇವು ಮೈಯೆಲ್ಲ ಹರಡಿದ್ದು ಅಂಗೈ, ಅಂಗಾಲು, ಹಣೆಗಳಲ್ಲಿ ದಟ್ಟವಾಗಿರುತ್ತವೆ. ಎರಡನೆಯವು ಅಪೊಕ್ರೈನ್ ಗ್ರಂಥಿಗಳು. ಇವು ಕಂಕುಳು, ತೊಡೆಸಂದು, ಗುಹ್ಯಭಾಗ, ಮೊಲೆತೊಟ್ಟಿನ ಸುತ್ತ ಇದ್ದು ಪ್ರಾಯ ಬಂದ ಮೇಲೆ ಕೆಲಸಕ್ಕೆ ತೊಡಗುತ್ತವೆ. ಕಣ್ಣಿನ ರೆಪ್ಪೆ ಹಾಗೂ ಕಿವಿಯ ನಾಳದಲ್ಲಿಯೂ ಇದೇ ಜಾತಿಯ ಗ್ರಂಥಿಗಳಿವೆ.

ಆಯುರ್ವೇದವು ಸ್ವೇದವನ್ನು ಮೂರು ಮಲಗಳಲ್ಲಿ ಒಂದೆಂದು ಎಣಿಸಿದೆ. ಸ್ವೇದವಹ ಸ್ರೋತಸ್ಸುಗಳಿಗೆ ಮೇದಸ್ಸು ಮತ್ತು ರೋಮಕೂಪಗಳೇ ಮೂಲವೆಂದು ಚರಕಾಚಾರ್ಯರು ವಿಮಾನಸ್ಥಾನದಲ್ಲಿ ತಿಳಿಸಿದ್ದಾರೆ. ಸುಶ್ರುತಾಚಾರ್ಯರು ನಿದಾನಸ್ಥಾನದ ಹನ್ನೊಂದನೆಯ ಅಧ್ಯಾಯದಲ್ಲಿ ಗ್ರಂಥಿ ಮತ್ತು ಅರ್ಬುದಗಳನ್ನು ಬೇರೆಬೇರೆಯಾಗಿ ವಿವರಿಸಿರುವರು. ಅವರ ಪ್ರಕಾರ ಅರ್ಬುದವು ದುಂಡಗಿದ್ದು, ಕದಲದೆ, ಆಳಕ್ಕೆ ಬೇರೂರಿ, ನಿಧಾನವಾಗಿ ಬೆಳೆಯುವ, ನೋವು ಕಡಿಮೆಯಿರುವ, ಕೀವಾಗಿ ಪಕ್ವವಾಗದ ಬಾವು. ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿ ಇಷ್ಟನ್ನು ಗಮನಿಸಿದ್ದು ಅಸಾಮಾನ್ಯ. ನೋವು ಕಡಿಮೆ ಎಂಬ ಆ ಮಾತು ಇಂದಿಗೂ ನಮ್ಮನ್ನು ಎಚ್ಚರಿಸಬೇಕು. ಏಕೆಂದರೆ ನೋಯದ ಗಂಟನ್ನೇ ಜನ ವರ್ಷಗಟ್ಟಲೆ ಅಲಕ್ಷಿಸುತ್ತಾರೆ.

ಹಲವು ವೇಷಗಳ ರೋಗ

ಸ್ವೇದಗ್ರಂಥಿಯ ಕ್ಯಾನ್ಸರ್ ಎಂಬುದು ಒಂದೇ ರೋಗದ ಹೆಸರಲ್ಲ; ಹಲವು ಬಗೆಯ ಅರ್ಬುದಗಳ ಕುಟುಂಬ. ಇವುಗಳಲ್ಲಿ ಪ್ರಮುಖವಾದ ಕೆಲವನ್ನು ಇಲ್ಲಿ ಪರಿಚಯಿಸುತ್ತೇವೆ.

ಮೊದಲನೆಯದು ಪೊರೊಕಾರ್ಸಿನೋಮಾ. ಬೆವರಿನ ನಾಳವು ಚರ್ಮದ ಮೇಲ್ಪದರವನ್ನು ಸೇರುವ ಭಾಗದಲ್ಲಿ ಇದರ ಮೂಲ. ಪಿಂಕಸ್ ಮತ್ತು ಮೆಹ್ರೆಗಾನ್ ಎಂಬ ವೈದ್ಯರು 1963ರಲ್ಲಿ ಇದನ್ನು ಮೊದಲು ವರ್ಣಿಸಿದರು. ಚರ್ಮದ ಕ್ಯಾನ್ಸರುಗಳಲ್ಲಿ ಇದರ ಪಾಲು ಹತ್ತು ಸಾವಿರಕ್ಕೆ ಒಂದು ಅಥವಾ ಅದಕ್ಕೂ ಕಡಿಮೆ ಎಂಬ ಅಂದಾಜಿದೆ. ಅರವತ್ತು ದಾಟಿದವರಲ್ಲಿ ಹೆಚ್ಚು. ಕಾಲಿನ ಮೇಲೆ, ಕೆಲವರಿಗೆ ತಲೆ, ಮುಖ, ಬೆನ್ನಿನ ಮೇಲೆ ಕೆಂಪಗಿನ ಅಥವಾ ಮೈಬಣ್ಣದ ಗಂಟಾಗಿ ಕಾಣಿಸಿಕೊಳ್ಳುತ್ತದೆ. ಪೊರೋಮಾ ಎಂಬ ನಿರಪಾಯಕಾರಿ ಗಂಟೊಂದು ವರ್ಷಾನುಗಟ್ಟಲೆ ಸುಮ್ಮನಿದ್ದು, ಒಂದು ದಿನ ಬೆಳೆಯಲು, ರಕ್ತ ಒಸರಲು, ಹುಣ್ಣಾಗಲು ತೊಡಗಿ ಈ ರೂಪಕ್ಕೆ ತಿರುಗುವುದುಂಟು. ನೋಡುವವರಿಗೆ ಅದು ನರುಳ್ಳೆಯಂತೆ, ಕಾಲಿನ ಆಣಿಯಂತೆ, ಇಲ್ಲವೆ ಗಾಯದ ಮೇಲೆ ಬೆಳೆದ ಕೆಂಪು ಮಾಂಸದಂತೆ ತೋರುತ್ತದೆ.

ಎರಡನೆಯದು ಮೈಕ್ರೊಸಿಸ್ಟಿಕ್ ಅಡ್ನೆಕ್ಸಲ್ ಕಾರ್ಸಿನೋಮಾ. 1982ರಲ್ಲಿ ಮೊದಲು ವರ್ಣಿತವಾದ ಇದು ಸಾಮಾನ್ಯವಾಗಿ ಮುಖದಲ್ಲಿ, ವಿಶೇಷವಾಗಿ ತುಟಿಯ ಸುತ್ತ ಮೂಡುತ್ತದೆ. ಹಳೆಯ ಗಾಯದ ಕಲೆಯಂತೆ ಗಟ್ಟಿಯಾಗಿ, ಚಪ್ಪಟೆಯಾಗಿ, ವರ್ಷಗಳ ಕಾಲ ಮೆಲ್ಲನೆ ಹಬ್ಬುತ್ತದೆ. ನರಗಳ ಗುಂಟ ಹರಿಯುವ ಸ್ವಭಾವವಿರುವುದರಿಂದ ಆ ಜಾಗ ಜೋಮು ಹಿಡಿದಂತಾಗಬಹುದು. ಮೇಲೆ ಕಾಣುವುದಕ್ಕಿಂತ ಒಳಗೆ ಹರಡಿರುವುದು ಎಷ್ಟೋ ಪಾಲು ಹೆಚ್ಚು.

ಮೂರನೆಯದು ಬೆರಳುಗಳಲ್ಲಿ ಬರುವ ಡಿಜಿಟಲ್ ಪ್ಯಾಪಿಲ್ಲರಿ ಅಡಿನೋಕಾರ್ಸಿನೋಮಾ. ಕೈಬೆರಳು, ಕಾಲ್ಬೆರಳುಗಳ ತುದಿಯಲ್ಲಿ ನೀರುಗುಳ್ಳೆಯಂತೆ ಇಲ್ಲವೆ ಸಣ್ಣ ಗಡ್ಡೆಯಂತೆ ಕಾಣುವ ಇದು ಶ್ವಾಸಕೋಶಕ್ಕೆ ಹರಡಬಲ್ಲದು. ನಾಲ್ಕನೆಯದು ರೆಪ್ಪೆಯ ಸುತ್ತ ಹೆಚ್ಚಾಗಿ ಬರುವ ಮ್ಯೂಸಿನಸ್ ಕಾರ್ಸಿನೋಮಾ.

ಇವುಗಳ ಜೊತೆಗೆ ಗುಹ್ಯಭಾಗ, ತೊಡೆಸಂದು, ಗುದದ್ವಾರದ ಸುತ್ತ ಬರುವ ಪ್ಯಾಜೆಟ್ ರೋಗವನ್ನೂ ಹೇಳಲೇಬೇಕು. ಅಪೊಕ್ರೈನ್ ಗ್ರಂಥಿಗಳು ಹೆಚ್ಚಿರುವಲ್ಲಿ ಮೂಡುವ ಇದು ಕೆಂಪಾದ, ತುರಿಸುವ, ಕೆಲವೊಮ್ಮೆ ಒಸರುವ ಪಟ್ಟೆ. ನಮ್ಮ ಊರಿನ ಸೆಕೆಯಲ್ಲಿ ಅಂತಹ ಜಾಗದ ತುರಿಕೆಯೆಂದರೆ ಹುಳುಕಡ್ಡಿಯೆಂದೇ ಎಲ್ಲರ ತೀರ್ಮಾನ. ಔಷಧದ ಅಂಗಡಿಯಲ್ಲಿ ಕೇಳಿ ತಂದ ಮುಲಾಮನ್ನು ತಿಂಗಳುಗಟ್ಟಲೆ ಹಚ್ಚುವವರು ಅನೇಕರು. ತಾಯಂದಿರಂತೂ ಸಂಕೋಚದಿಂದ ಮನೆಯವರಿಗೂ ತಿಳಿಸದೆ ನುಂಗಿಕೊಳ್ಳುತ್ತಾರೆ. ಸರಿಯಾದ ಚಿಕಿತ್ಸೆಯ ನಂತರವೂ ಆರೆಂಟು ವಾರದಲ್ಲಿ ಹೋಗದ ತುರಿಕೆಯ ಪಟ್ಟೆಗೆ ಬಯಾಪ್ಸಿ ಅಗತ್ಯ. ಈ ರೋಗವಿರುವ ಕೆಲವರಲ್ಲಿ ಕರುಳು ಅಥವಾ ಮೂತ್ರಮಾರ್ಗದ ಒಳಗೂ ಅರ್ಬುದವಿರುವುದುಂಟಾದ್ದರಿಂದ ಅದನ್ನೂ ಶೋಧಿಸಬೇಕಾಗುತ್ತದೆ.

ಭಯ ಬೇಡವಾದವು

ಇಷ್ಟು ಓದಿ ಪ್ರತಿಯೊಂದು ಗುಳ್ಳೆಗೂ ಹೆದರಬಾರದು. ಹೆಚ್ಚು ಬೆವರುವುದರಿಂದ ಕ್ಯಾನ್ಸರ್ ಬರುವುದಿಲ್ಲ. ಬೇಸಿಗೆಯ ಬೆವರುಸಾಲೆ ಕ್ಯಾನ್ಸರ್ ಅಲ್ಲ. ಕಣ್ಣಿನ ಕೆಳಗೆ ಸಾಲಾಗಿ ಏಳುವ ಸಣ್ಣ ಸಿರಿಂಗೋಮಾ ಗುಳ್ಳೆಗಳು ಬೆವರಿನ ನಾಳದಿಂದಲೇ ಹುಟ್ಟಿದರೂ ಅಪಾಯವಿಲ್ಲದವು. ಬೆರಳಿನಿಂದ ಒತ್ತಿದರೆ ಮೆತ್ತಗೆ ಜಾರುವ, ಬಹುಕಾಲದಿಂದ ಹಾಗೆಯೇ ಇರುವ ಕೊಬ್ಬಿನ ಗಂಟು ಸಾಮಾನ್ಯವಾಗಿ ನಿರಪಾಯಕಾರಿ. ದೇಹದ ಮೇಲಿನ ಗಂಟುಗಳಲ್ಲಿ ಬಹುಪಾಲು ಇಂತಹವೇ.

ಗಮನಿಸಬೇಕಾದುದು ಬದಲಾವಣೆಯನ್ನು. ಇದ್ದ ಗಂಟು ದೊಡ್ಡದಾಗುವುದು, ಮುಟ್ಟಿದರೆ ರಕ್ತ ಬರುವುದು, ಒಂದೂವರೆ ಎರಡು ತಿಂಗಳಾದರೂ ಆರದ ಹುಣ್ಣು, ಕೆಳಗಿನ ಭಾಗಕ್ಕೆ ಅಂಟಿಕೊಂಡು ಕದಲದಿರುವುದು, ಜೋಮು, ಒಮ್ಮೆ ತೆಗೆಸಿದ ಜಾಗದಲ್ಲಿಯೇ ಮತ್ತೆ ಬೆಳೆಯುವುದು, ಸಮೀಪದ ಕಂಕುಳಲ್ಲಿ ಅಥವಾ ತೊಡೆಸಂದಿಯಲ್ಲಿ ಗಡ್ಡೆ ಸಿಗುವುದು: ಇವುಗಳಲ್ಲಿ ಒಂದಿದ್ದರೂ ವೈದ್ಯರಿಗೆ ತೋರಿಸಲು ತಡಮಾಡಬಾರದು.

ಸದ್ಭಕ್ತರಿಗೆ ಇದಕ್ಕಾಗಿ ಪ್ರತ್ಯೇಕ ವೇಳೆ ಬೇಕಿಲ್ಲ. ನಿತ್ಯ ಸ್ನಾನಾನಂತರ ವಿಭೂತಿಯನ್ನು ಹಣೆ, ಕೊರಳು, ತೋಳು, ಎದೆಗಳಿಗೆ ಧರಿಸುವಾಗ ನಮ್ಮ ಬೆರಳುಗಳು ಆ ಸ್ಥಾನಗಳನ್ನೆಲ್ಲ ಸ್ಪರ್ಶಿಸುತ್ತವೆ. ಇಷ್ಟಲಿಂಗವನ್ನು ಇರಿಸಿಕೊಳ್ಳುವ ಎಡ ಅಂಗೈಯನ್ನು ದಿನವೂ ಕಾಣುತ್ತೇವೆ. ತಿಂಗಳಿಗೊಮ್ಮೆ ಇದರ ಜೊತೆಗೆ ಅಂಗಾಲು, ಬೆರಳ ಸಂದು, ಮೊಣಕಾಲ ಕೆಳಭಾಗಗಳನ್ನು ನೋಡಿಕೊಂಡರೆ, ಬೆನ್ನು ಮತ್ತು ನೆತ್ತಿಯನ್ನು ಮನೆಯವರಿಂದ ನೋಡಿಸಿಕೊಂಡರೆ ಸಾಕು.

ಕಸದ ಬುಟ್ಟಿಗೆ ಹೋದ ತುಣುಕು

ಬನಶಂಕರಿ ಕಡೆಯ, ಅರವತ್ತು ದಾಟಿದ ತಾಯಿಯೊಬ್ಬರ ಪ್ರಸಂಗವನ್ನು ಗುರುತು ಮರೆಸಿ ಹೇಳುತ್ತೇವೆ. ಅವರ ಮೊಣಕಾಲ ಕೆಳಗೆ ಕಡಲೆಕಾಳಿನಷ್ಟು ಗಂಟು ಏಳೆಂಟು ವರ್ಷಗಳಿಂದ ಇತ್ತು. ಸೀರೆಯ ಅಂಚು ತಾಗಿ ರಕ್ತ ಬರಲು ಶುರುವಾದಾಗ ಯಾರೋ ಹೇಳಿದರೆಂದು ಕುದುರೆಯ ಬಾಲದ ಕೂದಲನ್ನು ಬಿಗಿದು ಕಟ್ಟಿದರು. ಬಳಿಕ ಸುಣ್ಣ, ಸೋಡಾ ಹಚ್ಚಿ ಸುಟ್ಟರು. ಅದು ಮತ್ತೆ ಬೆಳೆಯಿತು. ಸಣ್ಣ ಚಿಕಿತ್ಸಾಲಯವೊಂದರಲ್ಲಿ ಮರಗಟ್ಟುವ ಚುಚ್ಚುಮದ್ದು ಕೊಟ್ಟು ಹತ್ತೇ ನಿಮಿಷದಲ್ಲಿ ತೆಗೆದುಹಾಕಿದರು. ನರುಳ್ಳೆಯಷ್ಟೇ ಎಂದು ಹೇಳಿ ಕಳುಹಿಸಿದರು. ತೆಗೆದ ತುಣುಕು ಕಸದ ಬುಟ್ಟಿಗೆ ಹೋಯಿತು.

ಏಳು ತಿಂಗಳಲ್ಲಿ ಹೊಲಿಗೆಯ ಕಲೆಯ ಪಕ್ಕದಲ್ಲಿಯೇ ಗಂಟು ಎದ್ದಿತು. ಆಗ ಲೇಪ ಕೇಳಿಕೊಂಡು ನಮ್ಮಲ್ಲಿಗೆ ಬಂದರು. ತೊಡೆಸಂದಿಯಲ್ಲಿ ಸಣ್ಣ ಗಡ್ಡೆಯೂ ಕೈಗೆ ಸಿಕ್ಕಿತು. ಬಯಾಪ್ಸಿ ಮಾಡಿಸಬೇಕೆಂದಾಗ ಆ ತಾಯಿ, “ಡಾಕ್ಟರೇ, ಕತ್ತಿ ತಾಗಿದರೆ ಹರಡುತ್ತದಂತಲ್ಲ? ನೀವೇ ಏನಾದರೂ ಹಚ್ಚೋದಕ್ಕೆ ಕೊಡಿ” ಎಂದರು. “ತಾಯಿ, ಏನೆಂದು ತಿಳಿಯದೆ ನಾವು ಯಾವುದಕ್ಕೆ ಔಷಧ ಕೊಡಲಿ? ಮೊದಲು ಅದರ ಹೆಸರು ತಿಳಿಯಲಿ” ಎಂದೆವು. ಅವರ ಸೊಸೆ ಅಂದೇ ಸಂಜೆ ಶಸ್ತ್ರವೈದ್ಯರ ಸಮಯ ಗೊತ್ತುಮಾಡಿದರು. ವರದಿ ಬಂದಾಗ ಅದು ಪೊರೊಕಾರ್ಸಿನೋಮಾ. ತೊಡೆಸಂದಿಯ ದುಗ್ಧರಸ ಗ್ರಂಥಿಯಲ್ಲಿಯೂ ಅದರ ಕಣಗಳಿದ್ದವು. ದೊಡ್ಡ ಶಸ್ತ್ರಚಿಕಿತ್ಸೆ, ನಂತರ ವಿಕಿರಣ ಚಿಕಿತ್ಸೆ ಆಗಿ ಈಗ ತಪಾಸಣೆಯಲ್ಲಿದ್ದಾರೆ; ಕಾಲಿನ ಊತದೊಡನೆ ದಿನ ಕಳೆಯುತ್ತಿದ್ದಾರೆ. ಮೊದಲು ತೆಗೆದ ಆ ತುಣುಕು ಪ್ರಯೋಗಾಲಯಕ್ಕೆ ಹೋಗಿದ್ದರೆ ಏಳು ತಿಂಗಳು ಉಳಿಯುತ್ತಿತ್ತು.

ಕೂದಲು ಕಟ್ಟುವುದು, ಸುಣ್ಣ ಹಚ್ಚುವುದು, ಗೇರೆಣ್ಣೆಯಿಂದ ಸುಡುವುದು ಗಂಟಿನ ಮೇಲ್ಭಾಗವನ್ನಷ್ಟೇ ಉದುರಿಸುತ್ತವೆ. ಬೇರು ಒಳಗೇ ಇರುತ್ತದೆ. ನಮ್ಮ ವೃತ್ತಿಬಾಂಧವರಿಗೂ ಒಂದು ವಿನಂತಿ: ರೋಗನಿರ್ಣಯವಾಗದ ಗಂಟಿಗೆ ಕ್ಷಾರಕರ್ಮವನ್ನಾಗಲಿ ಅಗ್ನಿಕರ್ಮವನ್ನಾಗಲಿ ಮಾಡಬಾರದು. ಸುಟ್ಟುಹೋದ ಅಂಗಾಂಶದಿಂದ ಯಾವ ವರದಿಯೂ ಹೊರಡದು.

ನಿರ್ಣಯ ನಡೆಯುವ ಬಗೆ

ಬಯಾಪ್ಸಿಯೆಂದರೆ ಗಂಟಿನ ಭಾಗವನ್ನು ಅಥವಾ ಇಡಿಯ ಗಂಟನ್ನು ತೆಗೆದು ಪರೀಕ್ಷಿಸುವುದು. ಆ ಜಾಗವನ್ನು ಮಾತ್ರ ಮರಗಟ್ಟಿಸಿ ಮಾಡುವ ಸಣ್ಣ ಕೆಲಸ. ಒಂದೆರಡು ಹೊಲಿಗೆ ಬೀಳಬಹುದು, ಅಂದೇ ಮನೆಗೆ ಮರಳಬಹುದು. ಬಯಾಪ್ಸಿಯಿಂದ ಚರ್ಮದ ಕ್ಯಾನ್ಸರ್ ಹರಡುತ್ತದೆಂಬ ಭಯಕ್ಕೆ ಆಧಾರವಿಲ್ಲ. ಹರಡಲು ಅವಕಾಶವಾಗುವುದು ಅದನ್ನು ಮುಂದೂಡುತ್ತ ಹೋದಾಗ.

ತುಣುಕಿನ ಆಳವೂ ಮುಖ್ಯ. ಮೇಲ್ಪದರವನ್ನಷ್ಟೇ ಕೆರೆದು ತೆಗೆದರೆ ಮೈಕ್ರೊಸಿಸ್ಟಿಕ್ ಕಾರ್ಸಿನೋಮಾದಂತಹ ರೋಗವು ನಿರಪಾಯಕಾರಿ ಸಿರಿಂಗೋಮಾದಂತೆ ಕಂಡು ಮೋಸಹೋಗುವ ಸಂಭವವಿದೆ. ಚರ್ಮದ ಕೆಳಗಿನ ಕೊಬ್ಬಿನ ಪದರದವರೆಗೆ ತೆಗೆದ ತುಣುಕಿನಲ್ಲಿ ಮಾತ್ರ ಅದು ಆಳಕ್ಕೆ ಇಳಿದಿರುವುದು ಕಾಣುತ್ತದೆ. ತೆಗೆದ ಕೂಡಲೇ ಅದನ್ನು ಫಾರ್ಮಲಿನ್ ದ್ರಾವಣದ ಸೀಸೆಗೆ ಹಾಕಬೇಕು. ಸೀಸೆಯ ಮೇಲೆ ರೋಗಿಯ ಹೆಸರು, ದಿನಾಂಕ, ದೇಹದ ಯಾವ ಭಾಗವೆಂಬ ವಿವರ ಬರೆದಿದೆಯೇ ಎಂದು ಮನೆಯವರು ನೋಡಿಕೊಳ್ಳುವುದು ಒಳಿತು.

ಪ್ರಯೋಗಾಲಯದಲ್ಲಿ ತುಣುಕನ್ನು ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ತೆಳುವಾಗಿ ಸೀಳಿ, ಬಣ್ಣ ಹಾಕಿ ರೋಗಶಾಸ್ತ್ರಜ್ಞರು ಪರಿಶೀಲಿಸುತ್ತಾರೆ. ಇಲ್ಲಿ ಒಂದು ಕಠಿಣ ಪ್ರಶ್ನೆ ಏಳುತ್ತದೆ. ಸ್ತನವೂ ಸ್ವೇದಗ್ರಂಥಿಯೂ ಗರ್ಭದಲ್ಲಿ ಚರ್ಮದ ಒಂದೇ ಮೂಲಪದರದಿಂದ ರೂಪುಗೊಂಡವು. ಆದಕಾರಣ ಸ್ತನದ ಕ್ಯಾನ್ಸರ್ ಚರ್ಮಕ್ಕೆ ಹರಡಿ ಬಂದಾಗ ಕಾಣುವ ಚಿತ್ರವೂ ಸ್ವೇದಗ್ರಂಥಿಯಲ್ಲೇ ಹುಟ್ಟಿದ ಕ್ಯಾನ್ಸರಿನ ಚಿತ್ರವೂ ಒಂದನ್ನೊಂದು ಹೋಲುತ್ತವೆ. ಕರುಳು, ಶ್ವಾಸಕೋಶಗಳಿಂದ ಬಂದವೂ ಹೀಗೆಯೇ ತೋರಬಹುದು. ಚರ್ಮದಲ್ಲೇ ಹುಟ್ಟಿದ್ದಾದರೆ ಅದನ್ನು ಪೂರ್ತಿ ತೆಗೆದು ಗುಣಪಡಿಸುವ ಆಸೆಯಿದೆ. ಒಳಗಿನಿಂದ ಬಂದದ್ದಾದರೆ ಚಿಕಿತ್ಸೆಯ ದಾರಿಯೇ ಬೇರೆ.

ಇದನ್ನು ಬಿಡಿಸಲು ಇಮ್ಯುನೊಹಿಸ್ಟೊಕೆಮಿಸ್ಟ್ರಿ ಎಂಬ ವಿಶೇಷ ಪರೀಕ್ಷೆಯಿದೆ. ಜೀವಕೋಶಗಳಲ್ಲಿರುವ ನಿರ್ದಿಷ್ಟ ಪ್ರೋಟೀನುಗಳಿಗೆ ಬಣ್ಣ ಹತ್ತುವಂತೆ ಮಾಡುವ ವಿಧಾನವದು. ಪಿ63 ಎಂಬ ಪ್ರೋಟೀನು ಚರ್ಮದ ಗ್ರಂಥಿಗಳಲ್ಲೇ ಹುಟ್ಟಿದ ಅರ್ಬುದಗಳಲ್ಲಿ ಬಹುಮಟ್ಟಿಗೆ ಕಾಣುತ್ತದೆ; ಒಳ ಅಂಗಗಳಿಂದ ಹರಡಿ ಬಂದವುಗಳಲ್ಲಿ ಸಾಮಾನ್ಯವಾಗಿ ಕಾಣದು. ಸಿಇಎ, ಇಎಂಎ ಎಂಬ ಇನ್ನೆರಡು ಗುರುತುಗಳು ಬೆವರಿನ ನಾಳದ ರಚನೆಯನ್ನು ತೋರಿಸಿಕೊಡುತ್ತವೆ. ಯಾವುದೊಂದೂ ತಾನೇ ತೀರ್ಪು ಕೊಡಲಾರದು. ಆದ್ದರಿಂದ ವೈದ್ಯರು ಸ್ತನದ ಮ್ಯಾಮೋಗ್ರಾಂ, ಎದೆ ಮತ್ತು ಹೊಟ್ಟೆಯ ಸ್ಕ್ಯಾನ್, ದುಗ್ಧರಸ ಗ್ರಂಥಿಗಳ ಪರೀಕ್ಷೆಗಳನ್ನೂ ಮಾಡಿಸುತ್ತಾರೆ. ಗಂಟು ಕಾಲಿನಲ್ಲಿರುವಾಗ ಎದೆಯ ಪರೀಕ್ಷೆ ಏಕೆಂದು ಬೇಸರಿಸಬಾರದು.

ಸಾಮಾನ್ಯ ವರದಿ ಒಂದು ವಾರದ ಆಸುಪಾಸಿನಲ್ಲಿ ಬರುತ್ತದೆ. ವಿಶೇಷ ಪರೀಕ್ಷೆಗೆ ಇನ್ನೂ ಕೆಲವು ದಿನ ಹಿಡಿಯುತ್ತದೆ. ಅಪರೂಪದ ರೋಗವಾದ್ದರಿಂದ ಇನ್ನೊಬ್ಬ ಅನುಭವಿ ರೋಗಶಾಸ್ತ್ರಜ್ಞರ ಅಭಿಪ್ರಾಯ ಪಡೆಯುವುದು ವಾಡಿಕೆ, ಅದರಿಂದ ಮೊದಲಿನವರಿಗೆ ಅಗೌರವವಿಲ್ಲ. ಅದಕ್ಕಾಗಿ ವರದಿಯ ಕಾಗದವೊಂದೇ ಸಾಲದು. ಗಾಜಿನ ಸ್ಲೈಡುಗಳನ್ನೂ ಮೇಣದ ಬ್ಲಾಕನ್ನೂ ಕೇಳಿ ಪಡೆದು ಕೊಂಡೊಯ್ಯಬೇಕು.

ಚಿಕಿತ್ಸೆ ಮತ್ತು ಆಯುರ್ವೇದದ ಪಾತ್ರ

ಮುಖ್ಯ ಚಿಕಿತ್ಸೆ ಶಸ್ತ್ರಚಿಕಿತ್ಸೆಯೇ. ಸುತ್ತಲಿನ ಆರೋಗ್ಯವಂತ ಚರ್ಮದ ಅಂಚಿನ ಸಮೇತ ಗಂಟನ್ನು ತೆಗೆದು, ಆ ಅಂಚಿನಲ್ಲಿ ರೋಗದ ಕಣ ಉಳಿದಿಲ್ಲವೆಂದು ಸೂಕ್ಷ್ಮದರ್ಶಕದಲ್ಲಿ ಖಚಿತಪಡಿಸಿಕೊಳ್ಳುತ್ತಾರೆ. ಶೇಷ ಉಳಿದ ಅರ್ಬುದ ಬೇಗನೆ ಮರಳುವುದೆಂದೂ, ಆದುದರಿಂದ ನಿಶ್ಶೇಷವಾಗಿ ತೆಗೆಯಬೇಕೆಂದೂ ಸುಶ್ರುತಾಚಾರ್ಯರು ಚಿಕಿತ್ಸಾಸ್ಥಾನದಲ್ಲಿ ವಿಧಿಸಿರುವುದು ಇದೇ ತತ್ತ್ವವನ್ನು. 2001ರಲ್ಲಿ ಪ್ರಕಟವಾದ, 69 ಪೊರೊಕಾರ್ಸಿನೋಮಾ ಪ್ರಕರಣಗಳ ಅಧ್ಯಯನವೊಂದರಲ್ಲಿ, ಮುಂದೆ ತಪಾಸಣೆಗೆ ದೊರೆತವರ ಪೈಕಿ ಸುಮಾರು ಐವರಲ್ಲಿ ಒಬ್ಬರಿಗೆ ದುಗ್ಧರಸ ಗ್ರಂಥಿಗೆ ಹರಡಿತ್ತು. ಉಳಿದ ನಾಲ್ವರಿಗೆ ಹರಡಿರಲಿಲ್ಲ ಎಂಬುದನ್ನೂ ನೆನಪಿಡಬೇಕು. ಬೇಗ ಪತ್ತೆಯಾದರೆ ಒಂದೇ ಶಸ್ತ್ರಚಿಕಿತ್ಸೆಯಲ್ಲಿ ಮುಗಿಯುವ ಸಾಧ್ಯತೆಯಿದೆ. ಆಮೇಲೆ ಮರುಕಳಿಸಿದೆಯೇ ಎಂದು ಕೆಲವು ವರ್ಷ ಕ್ರಮವಾಗಿ ತಪಾಸಣೆ ನಡೆಸುತ್ತಿರಬೇಕು.

ಆಯುರ್ವೇದ ವೈದ್ಯರಾದ ನಮ್ಮ ಪಾತ್ರ ಇದರ ಹಿಂದೆಯೂ ಇದೆ, ಮುಂದೆಯೂ ಇದೆ. ಮೊದಲು ಗುರುತಿಸಿ ಸಕಾಲದಲ್ಲಿ ಕಳುಹಿಸುವುದು. ಶಸ್ತ್ರಚಿಕಿತ್ಸೆಯ ನಂತರ ಪಥ್ಯಾಹಾರ, ನಿದ್ರೆ, ಜೀರ್ಣಶಕ್ತಿ, ಮನೋಬಲಗಳನ್ನು ಕಾಪಾಡುವುದು. ಕಿಮೊಥೆರಪಿ ನಡೆಯುವಾಗ ಯಾವುದೇ ಕಷಾಯ, ಭಸ್ಮ, ಲೇಹ್ಯವನ್ನು ಕ್ಯಾನ್ಸರ್ ವೈದ್ಯರಿಗೆ ತಿಳಿಸದೆ ಸೇವಿಸಬಾರದು. ಯಕೃತ್ತು, ಮೂತ್ರಪಿಂಡಗಳಿಗೆ ಹೊರೆಯಾಗಬಲ್ಲ ದ್ರವ್ಯಗಳು ನಮ್ಮ ಔಷಧಗಳಲ್ಲಿಯೂ ಇವೆ. ಶಸ್ತ್ರವಿಲ್ಲದೆ ಅರ್ಬುದ ಕರಗಿಸುತ್ತೇವೆಂಬ ಜಾಹೀರಾತುಗಳನ್ನು ನಂಬಿ ಕಾಲ ಕಳೆಯಬಾರದು.

ಎಲ್ಲಿಗೆ ಹೋಗಬೇಕು?

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳ ನಿವಾಸಿಗಳಿಗೆ ಈ ಸೌಲಭ್ಯ ದೂರವಿಲ್ಲ. ಮೊದಲಿಗೆ ಸಮೀಪದ ಚರ್ಮವೈದ್ಯರು ಅಥವಾ ಶಸ್ತ್ರವೈದ್ಯರು ಸಾಕು. ಜಯನಗರದ ಸಾರ್ವಜನಿಕ ಆಸ್ಪತ್ರೆ, ವಿಶ್ವೇಶ್ವರಪುರದ ಕಿಮ್ಸ್ ಆಸ್ಪತ್ರೆಗಳೂ ಹತ್ತಿರದಲ್ಲಿವೆ. ಕ್ಯಾನ್ಸರ್ ಎಂದು ಖಚಿತವಾದರೆ ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಪಕ್ಕದಲ್ಲಿರುವ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ, ಬಸವನಗುಡಿ ಸೀಮೆಯ ಶ್ರೀ ಶಂಕರ ಕ್ಯಾನ್ಸರ್ ಆಸ್ಪತ್ರೆಗಳಿವೆ. 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಯು 1982ರಿಂದ ಬೆಂಗಳೂರಿನ ಕ್ಯಾನ್ಸರ್ ದಾಖಲಾತಿಯನ್ನೂ ನಡೆಸಿಕೊಂಡು ಬಂದಿದೆ. ಪರೀಕ್ಷೆಗೆ ಹೋಗದೆ ಬಿಸುಟ ಗಂಟು ಅಂತಹ ಲೆಕ್ಕಕ್ಕೂ ಸಿಗದು.

ಖರ್ಚಿನ ಭಯದಿಂದ ಹಿಂಜರಿಯುವವರು ಗಮನಿಸಬೇಕು: 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ, ಎಪಿಎಲ್ ಕುಟುಂಬಗಳಿಗೂ ನಿಗದಿತ ವೆಚ್ಚದ ಶೇಕಡಾ 30ರಷ್ಟು ದೊರೆಯುತ್ತದೆ. ಪಡಿತರ ಚೀಟಿ, ಆಧಾರ್ ಮತ್ತು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಜೊತೆಯಲ್ಲಿರಲಿ.

ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನವರು ವೈದ್ಯವೃತ್ತಿಯನ್ನೇ ಕಾಯಕವಾಗಿ ಕೈಗೊಂಡವರು. ವೈದ್ಯನ ಕಾಯಕ ಸತ್ಯಶುದ್ಧವಾಗಬೇಕಾದರೆ ರೋಗದ ಹೆಸರನ್ನು ಊಹಿಸಿ ಹೇಳಬಾರದು, ನೋಡಿ ಹೇಳಬೇಕು. ರೋಗಿಯ ಕರ್ತವ್ಯವೂ ಒಂದಿದೆ. ಮೈಮೇಲಿನ ಯಾವ ಗಂಟನ್ನೇ ತೆಗೆಸಲಿ, ಅದು ಎಷ್ಟೇ ಚಿಕ್ಕದಿರಲಿ, “ಇದನ್ನು ಪರೀಕ್ಷೆಗೆ ಕಳುಹಿಸುತ್ತೀರಲ್ಲವೇ?” ಎಂದು ವಿನಯದಿಂದ ಕೇಳಬೇಕು; ವರದಿ ಬರುವವರೆಗೆ ವಿಚಾರಿಸುತ್ತಿರಬೇಕು; ಬಂದ ವರದಿಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ನಮ್ಮ ಸದ್ಭಕ್ತರ ಮನೆಮನೆಯಲ್ಲಿ ಈ ಒಂದು ಪ್ರಶ್ನೆ ರೂಢಿಗೆ ಬಂದರೆ ಈ ಬರಹ ಸಾರ್ಥಕ.